ಹಿಲ್ಲೆಗೊಂಡಾ ಗೋಡೆಗೇರಿದ್ದು

“ಇವಳು ಯಾರೋ?” ಎಂದಳು ಹಿಲ್ಲೆಗೊಂಡಾ, ತನ್ನ ಮನೆಯಲ್ಲಿ ಇನ್ನೂ ಹಸಿಯಾಗಿದ್ದ ಚಿತ್ರದ ಮುಂದೆ ನಿಂತು.

ಕುಂಚ ಒರೆಸುತ್ತಿದ್ದ ವೆಸೆಲ್ ಕತ್ತೆತ್ತಲಿಲ್ಲ. “ನೀನೇ. ಇನ್ಯಾರು?”

“ನಾನಾ? ಚರ್ಚಿಗೆ ಹೊರಟ ಮೇಯರ್ ಹೆಂಡ್ತಿ ಥರ ಇದಾಳೆ. ಕೈಲಿ ಬೀಸಣಿಗೆ ಬೇರೆ! ನಾನು ಯಾವತ್ತಾದ್ರೂ ಬೀಸಣಿಗೆ ಹಿಡಿದಿದ್ದು ನೋಡಿದೀಯಾ?”

ಡೋರ್ಡ್ರೆಕ್ಟ್ ಪಟ್ಟಣದ ಕಲಾವಿದರ ಸಂಘ ತನ್ನ ಸಭಾಂಗಣಕ್ಕೆಂದು ಊರಿನ ಚಿತ್ರಕಾರರ ಭಾವಚಿತ್ರಗಳನ್ನು ಬರೆಸುತ್ತಿತ್ತು. ಗೋಡೆಯ ಮೇಲಿದ್ದವರೆಲ್ಲ ಗಂಡಸರೇ. ಹೂವಿನ ಚಿತ್ರ ಬರೆದೇ ಮುದಿ ತಾಯಿಯನ್ನು ಸಾಕುತ್ತಿದ್ದ ಹಿಲ್ಲೆಗೊಂಡಾಳದೂ ಅಲ್ಲಿರಬೇಕೆಂದು ಹಟ ಹಿಡಿದವನು ವೆಸೆಲ್. ಒಬ್ಬನೇ ಗುರುವಿನ ಮನೆಯಲ್ಲಿ ಜೊತೆಯಾಗಿ ಬಣ್ಣ ಅರೆದವರು ಅವರು. ಸಂಘದ ಹಿರಿಯರು ಗೊಣಗುತ್ತಲೇ ಒಪ್ಪಿದ್ದರು. ಆದರೆ ಹೆಂಗಸು ಹೆಂಗಸಿನಂತೆ ಕಾಣಬೇಕು, ಕೈಯಲ್ಲಿ ಬಣ್ಣ ಕಲಸುವ ಹಲಗೆ ಕೂಡದು ಎಂದಿದ್ದರು. ವೆಸೆಲ್ ಅದನ್ನು ಈಗ ಬಾಯಿಬಿಟ್ಟ.

ಅವಳು ಸಿಟ್ಟಾಗಲಿಲ್ಲ. “ಸರಿ, ಅವಳನ್ನೇ ಹಾಕ್ಕೊಳ್ಳಿ. ನನ್ನ ಪಿಯೋನಿ ಹೂ ಉದುರ್ತಾ ಇದೆ” ಎಂದು ಏಪ್ರನ್ ಕಟ್ಟಿಕೊಂಡು, ಅರ್ಧಕ್ಕೆ ನಿಂತಿದ್ದ ತನ್ನ ಚಿತ್ರದತ್ತ ನಡೆದಳು.

ಒಲೆಯ ಪಕ್ಕ ಆಲೂಗಡ್ಡೆ ಸುಲಿಯುತ್ತಿದ್ದ ತಾಯಿ ಬಗ್ಗಿ ನೋಡಿದಳು. “ಚೆನ್ನಾಗೇ ಇದಾಳಪ್ಪಾ ವೆಸೆಲ್. ನಮ್ಮನೆಯವಳಲ್ಲ, ಅಷ್ಟೆ.”

ಹಿಲ್ಲೆಗೊಂಡಾ ಆಗಲೇ ಕೆಲಸದಲ್ಲಿ ಮುಳುಗಿದ್ದಳು. ಬಣ್ಣದ ಹಲಗೆಯ ತೂತಿನಿಂದ ಹೊರಬಂದ ದಪ್ಪ ಹೆಬ್ಬೆರಳು, ಕೆನ್ನೆಗೆ ಅಂಟಿದ ನೀಲಿ ಬಣ್ಣ, ಹಲ್ಲಿನಲ್ಲಿ ಕಚ್ಚಿದ ಇನ್ನೊಂದು ಕುಂಚ, ಹೂವಿನ ಜೊತೆ ಜಗಳಕ್ಕೆ ನಿಂತವಳಂತೆ ವಾಲಿದ ತಲೆ. ವೆಸೆಲ್ ಸ್ವಲ್ಪ ಹೊತ್ತು ನೋಡುತ್ತಲೇ ನಿಂತ. ಆಮೇಲೆ ಚಾಕು ತೆಗೆದುಕೊಂಡ.

ಕೆರೆಯುವ ಸದ್ದಿಗೆ ಅವಳು, “ಏನೋ ಮಾಡ್ತಿದೀಯ?” ಎಂದಳು.

“ಬೀಸಣಿಗೆ ಕೆರೀತಿದೀನಿ. ಈ ಕಡೆ ತಿರುಗಬೇಡ.”

“ಸಂಘದವರು ಬಾಗಿಲಿಂದಲೇ ವಾಪಸ್ ಕಳಿಸ್ತಾರೆ.”

“ಕಳಿಸಿದ್ರೆ ಗೋಡೆ ಮೇಲಿರೋ ನನ್ನ ಚಿತ್ರಾನೂ ಇಳಿಸ್ಲಿ.”

“ನಿಂದಾ? ಅದನ್ನ ಇಳಿಸೋಕೆ ನೆಪ ಹುಡುಕ್ತಾ ಇದಾರೆ ಪಾಪ!”

“ಮಾತು ಸಾಕು. ತುಟಿ ಅಲ್ಲಾಡುತ್ತೆ.”

ಶರತ್ಕಾಲದಲ್ಲಿ, ಚಿತ್ರದೊಳಗಿನ ಅವಳ ಕೈಯಲ್ಲಿ ಬಣ್ಣದ ಹಲಗೆ ಕಂಡು, ಸಂಘದ ಸಭೆಯಲ್ಲಿ ದೊಡ್ಡ ರಂಪವೇ ಆಯಿತು. ಗೋಡೆಯಿಂದ ತನ್ನದೇ ಚಿತ್ರವನ್ನು ಇಳಿಸಿ, ಕಂಕುಳಲ್ಲಿ ಇರುಕಿಕೊಂಡು ವೆಸೆಲ್ ಬಾಗಿಲವರೆಗೂ ಹೋದ ಮೇಲೆ ಹಿರಿಯರು ಮೆತ್ತಗಾದರು. ಸಭಾಂಗಣದಲ್ಲಿ ಜಾಗವಿಲ್ಲ, ಕೋಟು ನೇತುಹಾಕುವ ಮೊಗಸಾಲೆಯಲ್ಲಿ ಇರಲಿ ಎಂದರು.

“ಒಳ್ಳೇದೇ ಆಯ್ತು ಬಿಡು, ಎಲ್ರೂ ನನ್ನ ದಾಟ್ಕೊಂಡೇ ಒಳಗೆ ಹೋಗ್ಬೇಕು” ಎಂದು ಹಿಲ್ಲೆಗೊಂಡಾ ನಕ್ಕಳು.

ಒಂದು ಮಧ್ಯಾಹ್ನ ಅವಳು ತಾಯಿಯನ್ನು ಕರೆತಂದಳು. ಮುದುಕಿ ಲೇಸಿನ ಟೋಪಿ ಹಾಕಿಕೊಂಡು ಬಂದಿದ್ದಳು. ಚಿತ್ರಕ್ಕೆ ಮೂಗು ತಾಗುವಷ್ಟು ಹತ್ತಿರ ಹೋಗಿ ನಿಂತಳು. ಕೆನ್ನೆಯ ಮೇಲಿನ ಆ ನೀಲಿ ಬಣ್ಣದ ಕಲೆಯನ್ನು ವೆಸೆಲ್ ಚಿತ್ರದಲ್ಲೂ ಹಾಗೇ ಬಿಟ್ಟಿದ್ದ. ತಾಯಿ ಕರವಸ್ತ್ರದ ತುದಿಯನ್ನು ನಾಲಗೆಗೆ ಒತ್ತಿ ಒದ್ದೆಮಾಡಿ, ಅದರತ್ತ ಕೈ ಚಾಚಿದಳು.

ಹಿಲ್ಲೆಗೊಂಡಾ ಮೆಲ್ಲಗೆ ನಡುವೆ ಬಂದು, ಬಾಗಿ, ತನ್ನ ಕೆನ್ನೆಯನ್ನು ಒಡ್ಡಿದಳು.