ನನ್ನೊಳಗಿನ ಐದು ಗಂಟುಗಳು

ನಾನು ಒಂದು ಮಾದರಿ. ಹೆಣ್ಣಿನ ಎದೆಯ ಆಕಾರದಲ್ಲಿ, ಸಿಲಿಕೋನ್ ಎಂಬ ಮೆತ್ತನೆಯ ವಸ್ತುವಿನಿಂದ ನನ್ನನ್ನು ಮಾಡಿದ್ದಾರೆ. ಎರಡು ಅಂಗೈ ಜೋಡಿಸಿದರೆ ಅದರಲ್ಲಿ ಕೂರುತ್ತೇನೆ. ನನ್ನೊಳಗೆ ಐದು ಗಂಟುಗಳಿವೆ. ಹೆಂಗಸರು ತಮ್ಮ ಎದೆಯಲ್ಲಿ ಗಂಟೇನಾದರೂ ಇದೆಯೇ ಎಂದು ತಾವೇ ಮುಟ್ಟಿ ತಿಳಿಯುವುದನ್ನು ಕಲಿಯಲಿ ಎಂದೇ ನಾನು ಹುಟ್ಟಿದ್ದು.

ಹುಟ್ಟಿದ ಊರು ಬೆಂಗಳೂರು. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಒಬ್ಬ ಹೆಂಗಸು ನನ್ನನ್ನು ಅಚ್ಚಿಗೆ ಸುರಿದಳು. ಅರ್ಧ ಸುರಿದ ಮೇಲೆ ಕೈ ನಿಲ್ಲಿಸಿ ಒಂದೊಂದೇ ಗಂಟನ್ನು ಇಟ್ಟಳು. ಒಂದು ಶೇಂಗಾ ಬೀಜದಷ್ಟು, ಒಂದು ದ್ರಾಕ್ಷಿಯಂತೆ ಮೆತ್ತಗೆ, ಒಂದು ಹುಣಸೆ ಬೀಜದಂತೆ ಗಟ್ಟಿ, ಒಂದು ಬಟಾಣಿಯಂತೆ ಬೆರಳಿನ ಕೆಳಗೆ ಜಾರುವಂಥದ್ದು. ಕೊನೆಯದು ಜೋಳದ ಕಾಳಿನಷ್ಟೇ ಇತ್ತು. ಅದನ್ನು ಎಲ್ಲಕ್ಕಿಂತ ಆಳದಲ್ಲಿ, ಕಂಕುಳಿನ ಕಡೆಗೆ ಇಟ್ಟು, "ಇದು ಯಾರಿಗೂ ಸಿಗಲ್ಲ ಬಿಡಿ" ಎಂದು ಪಕ್ಕದವಳಿಗೆ ಹೇಳಿದಳು.

ಮೊದಲು ನನ್ನನ್ನು ಒಂದು ವೈದ್ಯಕೀಯ ಕಾಲೇಜಿಗೆ ಕೊಂಡರು. ನಾಲ್ಕು ವರ್ಷ ವಿದ್ಯಾರ್ಥಿಗಳು ಸಾಲಾಗಿ ಬಂದು ನನ್ನನ್ನು ಒತ್ತಿ, ಹಾಳೆಯಲ್ಲಿ ಗುರುತು ಹಾಕಿ ಹೋಗುತ್ತಿದ್ದರು. ಆಮೇಲೆ ಸರಿಯಾದ ಜಾಗ ಒತ್ತಿದರೆ ದೀಪ ಹತ್ತುವ ಹೊಸ ಮಾದರಿ ಬಂತು. ನಾನು ಪೆಟ್ಟಿಗೆ ಸೇರಿದೆ. ಅಲ್ಲಿ ಓದಿ ಮುಗಿಸಿ ಬೆಟಗೇರಿಯ ಒಂದು ಸಣ್ಣ ಆಸ್ಪತ್ರೆಗೆ ಕೆಲಸಕ್ಕೆ ಹೊರಟಿದ್ದ ಡಾಕ್ಟರೊಬ್ಬರು, ಯಾರಿಗೂ ಬೇಡವಾದ ನನ್ನನ್ನು ಕೇಳಿ ತೆಗೆದುಕೊಂಡು ಹೋಗಿ, ಅಲ್ಲಿಯ ನರ್ಸ್ ಎಸ್ತೇರ್ ಅವರ ಕೈಗೆ ಕೊಟ್ಟರು.

ಎಸ್ತೇರ್ ಸಿಸ್ಟರ್‌ಗೆ ಆಗ ಐವತ್ತರ ಹತ್ತಿರ. ಸಣಕಲು ಮೈ, ದಪ್ಪ ಗಾಜಿನ ಕನ್ನಡಕ. ನನ್ನ ಮೈ ಅಂಟಂಟಾಗಬಾರದೆಂದು ದಿನಾ ಪೌಡರ್ ಹಚ್ಚಿ, ಹೂವಿನ ಚಿತ್ರದ ದಿಂಬಿನ ಚೀಲದಲ್ಲಿ ಸುತ್ತಿ, ಬ್ಯಾಗಿನಲ್ಲಿಟ್ಟುಕೊಂಡು ಊರೂರು ತಿರುಗುತ್ತಿದ್ದರು. ಬಸ್ಸಿನಲ್ಲಿ ಅವರ ತೊಡೆಯ ಮೇಲೆ ನಾನಿರುತ್ತಿದ್ದೆ. ನನ್ನ ಬದುಕಿನ ಒಳ್ಳೆಯ ದಿನಗಳು ಅವು.

ಒಂದು ಮಧ್ಯಾಹ್ನ ಬೆಟಗೇರಿಯ ನೇಕಾರರ ಸಂಘದ ಹಾಲ್‌ನಲ್ಲಿ ಸಭೆ. ಸೀರೆ ನೇಯುವ ಮೂವತ್ತು ಹೆಂಗಸರು ಕೂತಿದ್ದರು. ಸಿಸ್ಟರ್ ದಿಂಬಿನ ಚೀಲ ಬಿಚ್ಚಿದ ಕೂಡಲೇ ಕೆಲವರು ಸೆರಗು ಬಾಯಿಗೆ ಒತ್ತಿ ನಕ್ಕರು, ಕೆಲವರು ಮುಖ ತಿರುಗಿಸಿದರು. ಸಿಸ್ಟರ್‌ಗೆ ಇದು ರೂಢಿ. ನಗು ಮುಗಿಯುವವರೆಗೂ ಸುಮ್ಮನಿದ್ದು ಆಮೇಲೆ ಮಾತು ಶುರು ಮಾಡಿದರು. ಸ್ವಲ್ಪ ಹೊತ್ತಿಗೆ ಪ್ರಶ್ನೆಗಳು ಬಂದವು.

"ಎಲ್ಲಾ ಗಂಟೂ ಕ್ಯಾನ್ಸರ್ ಏನ್ರಿ?"

"ಅಲ್ಲವಾ. ಬಾಳ ಗಂಟು ಏನೂ ಇರೂದಿಲ್ಲ. ಆದ್ರ ಯಾವುದು ಏನಂತ ಕೈಗೆ ತಿಳಿಯೂದಿಲ್ಲ, ಪರೀಕ್ಷಾ ಮಾಡಿಸೇ ತಿಳೀಬೇಕು."

"ನೋವಿಲ್ಲಂದ್ರ ಹೆದರಿಕಿ ಇಲ್ಲ ಅಂತಾರಲ್ರಿ?"

"ಅದು ತಪ್ಪು. ಮೊದಲಿಗೆ ಬಾಳ ಮಂದಿಗೆ ನೋವು ಇರೂದ ಇಲ್ಲ."

"ಸೂಜಿ ಚುಚ್ಚಿ ತಗದ್ರ ಅದು ಮೈತುಂಬ ಹರಡತೈತಂತ?"

"ಸೂಜಿಯಿಂದ ಹರಡೂದಿಲ್ಲ. ಸೂಜಿಗೆ ಹೆದರಿ ಮನ್ಯಾಗ ಕುಂತ್ರ ಹರಡತೈತಿ."

ಆಮೇಲೆ ನನ್ನನ್ನು ಕೈಯಿಂದ ಕೈಗೆ ದಾಟಿಸಿದರು. ಒಬ್ಬಳಿಗೆ ಎರಡು ಗಂಟು ಸಿಕ್ಕವು, ಒಬ್ಬಳಿಗೆ ಮೂರು. ಕಡೆಯ ಸಾಲಿನಲ್ಲಿ ನಲವತ್ತೈದು ದಾಟಿದ ಮುರಿಗೆವ್ವ ಕೂತಿದ್ದಳು. ಆಕೆ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ನನ್ನನ್ನು ಮಡಿಲಲ್ಲಿಟ್ಟುಕೊಂಡು ಕಣ್ಣು ಮುಚ್ಚಿದಳು. ಮೂವತ್ತು ವರ್ಷ ಮಗ್ಗದ ಹಾಸಿನ ಎಳೆಗಳಲ್ಲಿ ಗಂಟು ಹುಡುಕಿದ ಬೆರಳುಗಳು ಅವು. ಒತ್ತಲಿಲ್ಲ, ಸವರಿಕೊಂಡು ಹೋದವು. ಕಂಕುಳಿನ ಕಡೆ ಬಂದು ನಿಂತವು. ಜೋಳದ ಕಾಳಿನಷ್ಟು ಆ ಗಂಟನ್ನು ಅಲ್ಲಿಯವರೆಗೆ ಯಾರೂ ಮುಟ್ಟಿರಲಿಲ್ಲ.

"ಐದು ಅದಾವ್ರಿ" ಎಂದಳು.

"ಬರೋಬ್ಬರಿ" ಎಂದರು ಸಿಸ್ಟರ್.

ಆಕೆ ಕೈ ತೆಗೆಯಲು ತಡ ಮಾಡಿದಳು. ಬೆರಳುಗಳು ಮತ್ತೆ ಹುಣಸೆ ಬೀಜದಂಥ ಗಂಟಿನ ಮೇಲೆ ಹೋಗಿ ನಿಂತವು.

ಮರುದಿನ ಬೆಳಿಗ್ಗೆ ಮುರಿಗೆವ್ವ ಒಬ್ಬಳೇ ಆಸ್ಪತ್ರೆಗೆ ಬಂದಳು. ಸಿಸ್ಟರ್ ಕೋಣೆಯ ಮೇಜಿನ ಮೇಲೆ ನಾನಿದ್ದೆ. ಆಕೆ ನನ್ನನ್ನು ನೋಡಿಯೇ ಮಾತಾಡಿದಳು.

"ಇದರಾಗ ಹುಣಸೀ ಬೀಜದಂಥದ್ದು ಐತಲ್ರಿ, ಅಂಥದೊಂದು ನನ್ನಲ್ಲೂ ಐತಿ. ಎಂಟು ತಿಂಗಳಾತು. ಈಗ ಅದಕ್ಕಿಂತ ದೊಡ್ಡದಾಗೇತಿ."

"ಎಂಟು ತಿಂಗಳು ಯಾಕ ಸುಮ್ನಿದ್ದಿ?"

ಮುರಿಗೆವ್ವ ಎದ್ದು ಬಾಗಿಲು ಮುಚ್ಚಿ ಬಂದು ಕೂತಳು. ಆಮೇಲೆ ಕೇಳಿದಳು: "ಮುಟ್ಟಿದ್ರ ಹತ್ತತೈತೇನ್ರಿ ಇದು? ತಾಟು, ವಾಟಿಗಾ ಬಳಸಿದ್ರ?"

"ಇಲ್ಲ. ಕೂಡಿ ಉಂಡ್ರೂ ಹತ್ತೂದಿಲ್ಲ, ಒಂದ ಹಾಸಿಗ್ಯಾಗ ಮಲಗಿದ್ರೂ ಹತ್ತೂದಿಲ್ಲ."

ಆಗ ಆಕೆ ಅತ್ತಳು. ತನ್ನ ಗಂಟಿಗಾಗಿ ಅಳುತ್ತಿದ್ದಾಳೆಂದು ಸಿಸ್ಟರ್ ತಿಳಿದರು. ಹಾಗಲ್ಲ. ಆಕೆಯ ಮೈದುನನ ಹೆಂಡತಿ ದಾನಮ್ಮನಿಗೆ ಹನ್ನೆರಡು ವರ್ಷದ ಹಿಂದೆ ಇದೇ ಬೇನೆ ಬಂದಿತ್ತು. ಎದೆ ತೆಗೆಸಿಕೊಂಡು ಮನೆಗೆ ಬಂದವಳಿಗೆ ಮುರಿಗೆವ್ವನೇ ತಾಟು ಬೇರೆ ಇಟ್ಟಳು, ಹಾಸಿಗೆ ಹೊರಗಿನ ಪಡಸಾಲೆಯಲ್ಲಿ ಹಾಕಿದಳು. ನೆಗೆಣ್ಣಿಯರಾದರೂ ಅಲ್ಲಿಯವರೆಗೆ ಇಬ್ಬರೂ ಒಂದೇ ತಾಯಿಯ ಮಕ್ಕಳಂತಿದ್ದವರು. ದಾನಮ್ಮ ಒಂದು ಮಾತೂ ಆಡದೆ ಎರಡು ತಿಂಗಳು ಆ ತಾಟಿನಲ್ಲಿ ಉಂಡು, ಗಂಡನನ್ನು ಕರೆದುಕೊಂಡು ತವರೂರು ಗುಳೇದಗುಡ್ಡಕ್ಕೆ ಹೋದಳು. ತಿರುಗಿ ಬರಲಿಲ್ಲ.

"ಈಗ ನನಗ ಯಾರು ತಾಟು ಬ್ಯಾರೆ ಇಡ್ತಾರೋ ಅಂತ ಸುಮ್ನಿದ್ದೆನ್ರಿ" ಎಂದಳು ಮುರಿಗೆವ್ವ.

ಪರೀಕ್ಷೆಯಲ್ಲಿ ಅದು ಕ್ಯಾನ್ಸರೇ ಎಂದಾಯಿತು. ಹುಬ್ಬಳ್ಳಿಯಲ್ಲಿ ಚಿಕಿತ್ಸೆ ನಡೆಯಿತು. ನಾನು ಅಲ್ಲಿಗೆ ಹೋಗಲಿಲ್ಲ. ಆದರೆ ಪ್ರತಿ ಸಲ ಊರಿಗೆ ಬಂದಾಗ ಆಕೆ ಸಿಸ್ಟರ್ ಕೋಣೆಗೆ ಬಂದು, ನನ್ನನ್ನು ಮಡಿಲಿಗೆ ತೆಗೆದುಕೊಂಡು, ಅಲ್ಲಿಯ ಡಾಕ್ಟರರ ಮುಂದೆ ಬಾಯಿಗೆ ಬಾರದ ಪ್ರಶ್ನೆಗಳನ್ನು ಇಲ್ಲಿ ಕೇಳುತ್ತಿದ್ದಳು. ಕೂದಲು ತಿರುಗಿ ಬರ್ತಾವೇನ್ರಿ? ಬರ್ತಾವ, ಮೊದಲಿಗೆ ಮಿದುವಾಗಿ ಬರ್ತಾವ. ಬಾಯಿಗೆ ರುಚಿನ ಇಲ್ಲಲ್ರಿ? ಔಷಧಿ ಮುಗದ ಮ್ಯಾಲೆ ಮೆಲ್ಲಕ ಬರ್ತೈತಿ. ಪೂರ್ತಿ ತಗೀಬೇಕೇನ್ರಿ?

ಈ ಪ್ರಶ್ನೆಗೆ ಸಿಸ್ಟರ್ ಕನ್ನಡಕ ತೆಗೆದು ಒರೆಸಿದರು. "ಸಣ್ಣದಿದ್ದಾಗ ಬಂದಿದ್ರ ಗಂಟಷ್ಟ ತಗದು ಬಿಡ್ತಿದ್ರೇನೋ. ಈಗ ಪೂರ್ತಿ ತಗೀಬೇಕಂತಾರ ಡಾಕ್ಟರು."

ಮುರಿಗೆವ್ವನ ಕೈ ನನ್ನ ಮೇಲೆ ಹಾಗೇ ಇತ್ತು. "ನಾ ಬದಕ್ತೀನೇನ್ರಿ?"

"ಅದನ್ನ ಗ್ಯಾರಂಟಿ ಕೊಟ್ಟು ಹೇಳಾಕ ನನಗ ಬರೂದಿಲ್ಲ ಮುರಿಗೆವ್ವ. ಬದುಕಾಕ ಏನೇನು ಮಾಡಬೇಕೋ ಎಲ್ಲಾ ಮಾಡೂನು."

ಆಕೆ ತಲೆಯಾಡಿಸಿದಳು. ಸುಳ್ಳು ಹೇಳಲಿಲ್ಲವಲ್ಲ ಎಂದು ಆಕೆಗೆ ಸಮಾಧಾನವಾದಂತೆ ಕಂಡಿತು.

ಎಡಗಡೆಯ ಎದೆ ಹೋಯಿತು. ಮುಂದೆ ಇಪ್ಪತ್ತೈದು ದಿನ, ಊರವರು ಕರೆಂಟ್ ಎನ್ನುವ ವಿಕಿರಣ ಚಿಕಿತ್ಸೆಯೂ ಆಯಿತು. ತಲೆಯ ಮೇಲೆ ಬೆರಳುದ್ದ ಕೂದಲು ಬಂದಾಗ ಮುರಿಗೆವ್ವ ಸಿಸ್ಟರ್ ಜೊತೆ ಸಭೆಗಳಿಗೆ ಬರತೊಡಗಿದಳು. ನಾನಿದ್ದ ಬ್ಯಾಗನ್ನು ಬಲಗೈಯಲ್ಲಿ ಹಿಡಿಯುತ್ತಿದ್ದಳು. ಎಡಗೈ ಬಾತುಕೊಳ್ಳಬಾರದೆಂದು ಭಾರ ಎತ್ತುವಂತಿರಲಿಲ್ಲ. ಒಂದು ದಿನ ಆಕೆಯೇ ಕೇಳಿದಳು: "ಗುಳೇದಗುಡ್ಡಕ್ಕ ಒಮ್ಮೆ ಹೋಗೂನೇನ್ರಿ? ಅಲ್ಲೀನೂ ನೇಕಾರ ಹೆಣ್ಮಕ್ಕಳು ಬಾಳ ಅದಾರ."

ಸಿಸ್ಟರ್ ಮುಂದಿನ ವಾರಕ್ಕೇ ದಿನ ಗೊತ್ತು ಮಾಡಿದರು.

ಅಲ್ಲಿ ಒಂದು ಶಾಲೆಯ ಕೋಣೆಯಲ್ಲಿ ಸಭೆ. ಮುರಿಗೆವ್ವ ಎದ್ದು ನಿಂತು ತನಗಾದದ್ದನ್ನೆಲ್ಲ ಹೇಳಿದಳು. "ಏನರ ಕೇಳೂದಿದ್ರ ಕೇಳ್ರೆವಾ" ಎಂದಳು. ಬಾಗಿಲ ಪಕ್ಕ ಕೂತಿದ್ದ, ತಲೆ ಅರ್ಧ ನರೆತ ಎತ್ತರದ ಹೆಂಗಸೊಬ್ಬಳು ಕೂತಲ್ಲಿಂದಲೇ ಕೇಳಿದಳು:

"ಮುಟ್ಟಿದ್ರ ಹತ್ತತೈತೇನು?"

ನನ್ನನ್ನು ಹಿಡಿದಿದ್ದ ಮುರಿಗೆವ್ವನ ಕೈ ಬಿಗಿಯಾಯಿತು. ಅವಳೇ ದಾನಮ್ಮ ಎಂದು ನನಗೆ ಆ ಕೈಯಿಂದಲೇ ತಿಳಿಯಿತು. ಸಿಸ್ಟರ್ ಉತ್ತರ ಕೊಡಲು ಬಾಯಿ ತೆರೆದರು. ಮುರಿಗೆವ್ವ ತಡೆದಳು.

"ಇಲ್ಲ. ಮುಟ್ಟಿದ್ರ ಹತ್ತೂದಿಲ್ಲ. ತಾಟು ಬ್ಯಾರೆ ಇಡೂದು ಬೇಕಾಗಿಲ್ಲ. ಹೊರಗ ಮಲಗಿಸೂದು ಬೇಕಾಗಿಲ್ಲ. ನನಗ ಗೊತ್ತಿರಲಿಲ್ಲ."

ಕೋಣೆಯಲ್ಲಿದ್ದ ಬೇರೆಯವರಿಗೆ ಇದು ಒಂದು ಪ್ರಶ್ನೆ, ಒಂದು ಉತ್ತರ, ಅಷ್ಟೇ. ಇನ್ನೊಬ್ಬಳು ಮತ್ತೇನೋ ಕೇಳಿದಳು, ಸಭೆ ಮುಂದುವರಿಯಿತು. ಎಲ್ಲರೂ ಹೋದ ಮೇಲೆ ದಾನಮ್ಮ ಮೇಜಿನ ಹತ್ತಿರ ಬಂದಳು. ನನ್ನನ್ನು ಒಮ್ಮೆ ಮುಟ್ಟಿ ನೋಡಿದಳು. ದರ್ಜಿ ಕೆಲಸದವಳ ಬೆರಳು, ಸೂಜಿ ಚುಚ್ಚಿ ಗಡಸಾದದ್ದು.

"ಗೊತ್ತಿರಲಿಲ್ಲ ಅನ್ನೂದು ಖರೆ" ಎಂದಳು. "ಆದ್ರ ಕೇಳಬಹುದಿತ್ತಲ್ಲ. ಡಾಕ್ಟರು ಇದ್ರು, ನರ್ಸ್ ಇದ್ರು. ಒಬ್ಬರನ್ನ ಒಂದು ಮಾತು ಕೇಳಬಹುದಿತ್ತು."

"ಹೌದು" ಎಂದಳು ಮುರಿಗೆವ್ವ. "ಕೇಳಲಿಲ್ಲ."

"ನನ್ನ ಮನಿಗೆ ಬರಬ್ಯಾಡ. ಮನಸ್ಸಾದ್ರ ನಾನ ಬರ್ತೀನಿ."

ಬಾಗಿಲವರೆಗೆ ಹೋದವಳು ಅಲ್ಲೇ ನಿಂತು, ತಿರುಗದೆ ಕೇಳಿದಳು: "ಯಾವ ಕಡೆ, ಅಕ್ಕಾ?"

"ಎಡಕ್ಕ."

ಮೂರು ತಿಂಗಳ ಮೇಲೆ ಗುಳೇದಗುಡ್ಡದಿಂದ ಆಸ್ಪತ್ರೆಯ ವಿಳಾಸಕ್ಕೆ ಒಂದು ಪೊಟ್ಟಣ ಬಂತು. ಅದರಲ್ಲಿ ಖಣದ ಬಟ್ಟೆಯ ಒಂದು ಕುಪ್ಪಸ ಇತ್ತು. ಒಳಗೆ ಎಡಗಡೆ ಮೆತ್ತನೆಯ ಬಟ್ಟೆಯಲ್ಲಿ ಒಂದು ಕಿಸೆ ಹೊಲಿದು, ಅದರೊಳಗೆ ಹತ್ತಿ ತುಂಬಿ, ಮೇಲಕ್ಕೆ ಜರುಗದಂತೆ ಕೆಳಗೆ ಎರಡು ಹಿಡಿ ಸಾಸಿವೆ ಹಾಕಿ ಮುಚ್ಚಿದ್ದರು. ಅಂಗಡಿಯಲ್ಲಿ ಸಿಗುವ ವಸ್ತುವಲ್ಲ ಅದು. ತನಗಾಗಿ ಹೊಲಿದುಕೊಂಡು, ತೊಟ್ಟು, ಬಿಚ್ಚಿ, ತಿದ್ದಿ ಕಲಿತವಳಿಗೆ ಮಾತ್ರ ಬರುವ ಕೆಲಸ. ಕಾಗದ ಇರಲಿಲ್ಲ. ಮುರಿಗೆವ್ವ ಅದನ್ನು ತೊಟ್ಟು ಬಂದು ಸಿಸ್ಟರ್‌ಗೆ ತೋರಿಸಿದಳು. ಬಹಳ ಸಡಿಲವಾಗಿತ್ತು. "ನನ್ನ ಹಳೇ ಅಳತಿ ಇದು" ಎಂದು ನಕ್ಕಳು. "ಆಕಿ ಕಣ್ಣಾಗ ನಾ ಇನ್ನೂ ಹಂಗ ಅದೀನಿ."

ವರ್ಷಕ್ಕೊಂದು ಕುಪ್ಪಸ ಬಂತು. ಪ್ರತಿ ಸಲವೂ ಸಡಿಲ. ಚಿಕಿತ್ಸೆಯಲ್ಲಿ ಇಳಿದ ಮೈ ತುಂಬಿಕೊಳ್ಳಲಿಲ್ಲ. ಮುರಿಗೆವ್ವ ಅದನ್ನು ಒಳಗೆ ಹೊಲಿಗೆ ಹಿಡಿಸಿಕೊಳ್ಳದೆ ಹಾಗೇ ತೊಡುತ್ತಿದ್ದಳು. ಬರಬೇಡ ಎಂದ ಮನೆಗೆ ಹೋಗಲಿಲ್ಲ.

ಅಷ್ಟರಲ್ಲಿ ನನಗೂ ವಯಸ್ಸಾಯಿತು. ಸಾವಿರಾರು ಕೈ ತಾಗಿ ಮೈ ಕಂದಿತು, ಅಂಚಿನಲ್ಲಿ ಸೀಳು ಬಿತ್ತು, ದ್ರಾಕ್ಷಿಯಂಥ ಗಂಟು ಜಾಗ ಬಿಟ್ಟು ಜರುಗಿತು. ಹೊಸ ಮಾದರಿ ಬಂದ ದಿನ ಸಿಸ್ಟರ್ ನನಗೆ ಕೊನೆಯ ಸಲ ಪೌಡರ್ ಹಚ್ಚಿ, ಆಸ್ಪತ್ರೆಯ ಪಡಸಾಲೆಯ ಗಾಜಿನ ಕಪಾಟಿನಲ್ಲಿ ಇಟ್ಟರು. ಎದುರಿಗೆ ರೋಗಿಗಳು ಕೂರುವ ಬೆಂಚುಗಳು. ಅಲ್ಲಿಂದ ಎಲ್ಲ ಕಾಣುತ್ತದೆ. ಯಾರೂ ಮುಟ್ಟುವುದಿಲ್ಲ.

ಕುಪ್ಪಸ ಬರತೊಡಗಿದ ಆರನೆಯ ವರ್ಷದ ಒಂದು ಮಂಗಳವಾರ, ಮುರಿಗೆವ್ವ ತಪಾಸಣೆಗೆಂದು ಬಂದು ನನ್ನ ಮುಂದಿನ ಬೆಂಚಿನಲ್ಲಿ ಕೂತಿದ್ದಳು. ಪಡಸಾಲೆಯ ಆ ತುದಿಯಲ್ಲಿ, ಕಂಬದ ಹಿಂದಿನ ಬೆಂಚಿಗೆ ದಾನಮ್ಮ ಬಂದು ಕೂತಳು. ನಾನು ನೋಡಿದೆ, ಮುರಿಗೆವ್ವ ನೋಡಲಿಲ್ಲ. ದಾನಮ್ಮ ಆಕೆಯ ಹೆಗಲು, ಬೆನ್ನು, ತೋಳುಗಳನ್ನೇ ನೋಡುತ್ತ, ಮಡಿಲಲ್ಲಿ ಹೆಬ್ಬೆರಳು ಕಿರುಬೆರಳು ಚಾಚಿ ಗೇಣು ಲೆಕ್ಕ ಹಾಕುತ್ತಿದ್ದಳು. ತಿರುಗಿ ನೋಡು ಎಂದು ಮುರಿಗೆವ್ವನಿಗೆ ಹೇಳಬೇಕೆನಿಸಿತು. ನನಗೆ ಬಾಯಿ ಎಲ್ಲಿದೆ? ಅಷ್ಟರಲ್ಲಿ ಮುರಿಗೆವ್ವನ ಹೆಸರು ಕೂಗಿದರು, ಆಕೆ ಎದ್ದು ಒಳಗೆ ಹೋದಳು. ಎಸ್ತೇರ್ ಸಿಸ್ಟರ್ ದಾನಮ್ಮನ ಹತ್ತಿರ ಬಂದರು.

"ಕರೀಲೇನವಾ?"

"ಬ್ಯಾಡ್ರಿ. ಅಳತಿ ನೋಡಾಕ ಬಂದಿದ್ದೆ. ನಾ ಬಂದಿದ್ದು ಹೇಳಬ್ಯಾಡ್ರಿ."

ಆ ವರ್ಷದ ಕುಪ್ಪಸ ಮುರಿಗೆವ್ವನ ಮೈಗೆ ಒಂದು ನೂಲು ಹೆಚ್ಚು ಕಡಿಮೆಯಿಲ್ಲದೆ ಕೂತಿತು. ಆಕೆ ಅದನ್ನು ತೊಟ್ಟು ಬಂದು, ಪಡಸಾಲೆಯಲ್ಲೇ ಸಿಸ್ಟರ್ ಅವರನ್ನು ನಿಲ್ಲಿಸಿದಳು.

"ಆಕಿಗೆ ನನ್ನ ಈಗಿನ ಅಳತಿ ಹೆಂಗ ಸಿಕ್ತು?"

ಸಿಸ್ಟರ್ ಮಾತು ಕೊಟ್ಟಿದ್ದರು. ಸುಮ್ಮನೆ ನಿಂತರು. ಮುರಿಗೆವ್ವ ಅವರ ಮುಖವನ್ನೇ ನೋಡಿದಳು.

"ಯಾವ ಬೆಂಚಿನ ಮ್ಯಾಲೆ ಕುಂತಿದ್ಲು?"

ಸಿಸ್ಟರ್ ಕಂಬದ ಕಡೆ ಕೈ ತೋರಿಸಿದರು. ಮುರಿಗೆವ್ವ ಅಲ್ಲಿಗೆ ಹೋಗಿ, ಬೆಂಚನ್ನು ಅಂಗೈಯಿಂದ ಒಮ್ಮೆ ಸವರಿ, ಕೂತಳು. ಅವತ್ತು ಮಧ್ಯಾಹ್ನದವರೆಗೂ ಏಳಲಿಲ್ಲ.

ಇದಾಗಿ ಮೂರು ವರ್ಷವಾಯಿತು. ಎಸ್ತೇರ್ ಸಿಸ್ಟರ್ ನಿವೃತ್ತರಾಗಿ ತಮ್ಮನ ಮನೆಗೆ ಹೋಗಿದ್ದಾರೆ. ಹೊಸ ನರ್ಸ್ ಹೊಸ ಮಾದರಿಯನ್ನು ಹಿಡಿದು ಊರೂರು ತಿರುಗುತ್ತಾಳೆ. ಅವಳು ಬ್ಯಾಗು ಹೆಗಲಿಗೆ ಹಾಕಿ ಹೊರಟಾಗಲೆಲ್ಲ ನನಗೆ ಬಸ್ಸಿನ ಕುಲುಕಾಟ, ಹೆದರಿ ಬೆವೆತ ಅಂಗೈಗಳು, ಕಡೆಯ ಸಾಲಿನಿಂದ ಮೆಲ್ಲಗೆ ಬರುವ ಪ್ರಶ್ನೆಗಳು ನೆನಪಾಗುತ್ತವೆ. ನನ್ನ ಐದು ಗಂಟುಗಳಿಂದ ಯಾರಿಗೂ ನೋವಾಗಲಿಲ್ಲ. ಅವನ್ನು ಹುಡುಕಿದ ಕೆಲವರು ಮನೆಗೆ ಹೋಗಿ ತಮ್ಮದನ್ನು ಹುಡುಕಿಕೊಂಡರು, ಸಮಯಕ್ಕೆ ಬಂದರು, ಬದುಕಿದರು. ಕೆಲವರು ತಡವಾಗಿ ಬಂದರು. ಒಬ್ಬೊಬ್ಬರ ಬೆರಳೂ ನನಗೆ ನೆನಪಿದೆ. ಇನ್ನೊಮ್ಮೆ ಯಾರಾದರೂ ಮುಟ್ಟಲಿ ಎನಿಸುತ್ತದೆ.

ಮುರಿಗೆವ್ವನಿಗೆ ಈಗ ವರ್ಷಕ್ಕೊಮ್ಮೆ ತಪಾಸಣೆ ಸಾಕು. ಆದರೂ ಆಕೆ ಪ್ರತಿ ಮಂಗಳವಾರ ಬರುತ್ತಾಳೆ. ಕಂಬದ ಹಿಂದಿನ ಬೆಂಚಿನಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟು, ಬಾಗಿಲ ಕಡೆ ಮುಖ ಮಾಡಿ ಕೂರುತ್ತಾಳೆ. ಕುಪ್ಪಸಗಳು ಬರುತ್ತಿವೆ. ದಾನಮ್ಮ ಬಂದಿಲ್ಲ.

ಈ ಬೆಳಿಗ್ಗೆ ಒಬ್ಬ ಎಳೆಯ ಹೆಂಗಸು ಚೀಟಿ ಹಿಡಿದುಕೊಂಡು ಬಂದಳು. ಮುಖ ಬಿಳಿಚಿಕೊಂಡಿತ್ತು. ಬೆಂಚುಗಳೆಲ್ಲ ತುಂಬಿದ್ದವು. ಮುರಿಗೆವ್ವನ ಪಕ್ಕದ ಖಾಲಿ ಜಾಗ ನೋಡಿ, ಕೂರಲೋ ಬೇಡವೋ ಎಂದು ಅನುಮಾನಿಸಿ ಕೇಳಿದಳು:

"ಇಲ್ಲಿ ಯಾರರ ಬರೂರು ಅದಾರೇನ್ರಿ?"

"ಅದಾರ" ಎಂದಳು ಮುರಿಗೆವ್ವ. "ಅಲ್ಲೀತನಕಾ ನೀ ಕುಂದರವಾ."