ಸಂಜೆಯ ಸರದಿ

ಮಗ ಮೂರನೇ ಸಲ ಏರಿಸಿದರೂ ಕನ್ನಡಕ ತೀರಿಕೊಂಡ ಅಪ್ಪನ ಮೂಗಿನ ಮೇಲಿಂದ ಜಾರಿತು. ಒಂದು ಕಡ್ಡಿಗೆ ಕಪ್ಪು ದಾರ ಸುತ್ತಿದ್ದ ಹಳೆಯ ಕನ್ನಡಕ.

"ಸ್ವಲ್ಪ ಹಿಂದಕ್ಕೆ ತಳ್ಳಪ್ಪ, ಕಿವಿಗೆ ಕೂರುತ್ತೆ," ಎಂದಳು ಮಂಚದ ಪಕ್ಕ ನಿಂತಿದ್ದ ಎದುರುಮನೆಯಾಕೆ. "ದಿನಾ ಸಂಜೆ ಕಿಟಕೀಲಿ ಪೇಪರ್ ಹಿಡ್ಕೊಂಡು ಕೂತಿರೋರು. ಕನ್ನಡಕ ಇಲ್ದಿದ್ರೆ ಅವರು ಅವರ ಥರಾನೇ ಕಾಣಲ್ಲ."

ಅಪ್ಪನ ತಲೆಯ ಬಳಿ ಕುಳಿತಿದ್ದ ಅಮ್ಮ ಕೈ ಚಾಚಿದಳು. "ಕೊಡು ಇಲ್ಲಿ. ಇನ್ನೂ ಹಗಲು. ಹಗಲು ಹೊತ್ತು ಅದು ನಂದು."

ಕೋಣೆಯಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಗನಿಗೆ ನಾಚಿಕೆಯಾಯಿತು. "ಇವತ್ತೂ ಲೆಕ್ಕಾಚಾರಾನೇನಮ್ಮ?" ಎಂದ, ತಗ್ಗಿದ ದನಿಯಲ್ಲಿ.

"ಲೆಕ್ಕಾಚಾರ ಅಲ್ಲ ಕಣೋ. ಅವರ ಮುಖ ನನಗೆ ಸರಿಯಾಗಿ ಕಾಣ್ತಿಲ್ಲ."

ಅಮ್ಮ ಕನ್ನಡಕ ಹಾಕಿಕೊಂಡು ಬಗ್ಗಿದಳು. ಬಟನ್ ಹೊಲಿಯುವಾಗ ಬಟ್ಟೆಯನ್ನು ನೋಡುವ ಹಾಗೆ ಹತ್ತಿರದಿಂದ ಗಂಡನ ಮುಖವನ್ನು ನೋಡಿದಳು. ಬೆಳಿಗ್ಗೆ ಮಗ ಗಡ್ಡ ತೆಗೆಯುವಾಗ ಗಲ್ಲದ ಕೆಳಗೆ ನಾಲ್ಕು ಕೂದಲು ಬಿಟ್ಟಿದ್ದ. ಅಲ್ಲಿ ಬೆರಳಿಟ್ಟು, "ಇಲ್ಲೊಂಚೂರು ಉಳಿದಿದೆ ನೋಡು," ಎಂದಳು.

ಇಡೀ ಬೀದಿಗೆ ಗೊತ್ತಿದ್ದ ವಿಷಯ ಅದು: ಆ ಮನೆಯಲ್ಲಿ ಗಂಡ ಹೆಂಡತಿಗೆ ಒಂದೇ ಕನ್ನಡಕ. ಬೆಳಿಗ್ಗೆಯಿಂದ ಐದು ಗಂಟೆಯವರೆಗೆ ಅಮ್ಮನದು, ದರ್ಜಿ ಅಂಗಡಿಯಿಂದ ತಂದ ಬಟ್ಟೆಗೆ ಕಾಜಾ, ಬಟನ್ ಹಾಕಲು. ಐದರ ನಂತರ ಅಪ್ಪನದು, ಎದುರುಮನೆಯವರು ಓದಿ ಕೊಟ್ಟ ಹಿಂದಿನ ದಿನದ ಪೇಪರಿಗೆ. ಇಪ್ಪತ್ತೆಂಟು ವರ್ಷ ಹೀಗೇ ನಡೆಯಿತು. ಗಾಜು ಬದಲಾಯಿಸಿದ್ದು ಮೂರು ಸಲ, ಫ್ರೇಮು ಅದೇ. "ಇಬ್ಬರದೂ ಒಂದೇ ನಂಬರು. ಹೇಳಿ ಮಾಡಿಸಿದ ಜೋಡಿ ಅಂದ್ರೆ ನಮ್ಮದು," ಎಂದು ಅಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು. ಒಡವೆ ಇದ್ದವರು ಒಡವೆ ತೋರಿಸಿಕೊಳ್ಳುತ್ತಾರೆ, ಅವಳಿಗೆ ಇದ್ದದ್ದು ಇದೊಂದು ಮಾತು.

ಮಗಳು ಬಾಗಿಲಿಗೆ ಒರಗಿ ನಿಂತಿದ್ದಳು. ಅವಳ ಕಣ್ಣು ಬೇರೆ ಕಡೆ ಇತ್ತು. ಅಮ್ಮನ ಮೂಗಿನ ಎರಡೂ ಬದಿಗೆ ಕನ್ನಡಕದ ಗುರುತು ಅಚ್ಚೊತ್ತಿದಂತೆ ಕುಳಿಬಿದ್ದಿತ್ತು. ಅಪ್ಪನ ಮೂಗು ನುಣ್ಣಗಿತ್ತು. ಅವಳಿಗೆ ಇದು ಸ್ವಲ್ಪ ವಿಚಿತ್ರ ಅನ್ನಿಸಿತು, ಆದರೆ ಆ ಹೊತ್ತಿನಲ್ಲಿ ಅವಳನ್ನು ಕೊರೆಯುತ್ತಿದ್ದುದು ಇನ್ನೊಂದು. ಬೆಳಿಗ್ಗೆಯಿಂದ ಒಂದು ಹನಿ ಕಣ್ಣೀರು ಬಂದಿರಲಿಲ್ಲ. ತಮ್ಮ ಅತ್ತಿದ್ದ, ಎದುರುಮನೆಯಾಕೆ ಅತ್ತಿದ್ದಳು, ಹಾಲಿನವನು ಕೂಡ ಕಣ್ಣೊರೆಸಿಕೊಂಡು ಹೋಗಿದ್ದ. ಅವಳಿಗೆ ಅಪ್ಪನ ಮೇಲೆ ಒಂದು ಹಳೇ ಸಿಟ್ಟಿತ್ತು. ಅದಕ್ಕೆ ಉತ್ತರ ಕೊಡಬೇಕಾಗಿದ್ದವರು ಈಗ ಬಾಯಿ ಮುಚ್ಚಿ ಮಲಗಿದ್ದರು.

*

ಅವಳು ಚಿಕ್ಕವಳಿದ್ದಾಗ ತಿಂಗಳ ಮೊದಲ ಭಾನುವಾರ ಮನೆಯ ನಾಲ್ಕೂ ಜನ ಅಡುಗೆಮನೆಯಲ್ಲಿ ಕೂರಬೇಕಿತ್ತು. ಬಾಡಿಗೆಯ ಒಂದೂವರೆ ಕೋಣೆ ಬಿಟ್ಟು ತಮ್ಮದೇ ಒಂದು ಸೂರು ಮಾಡಿಕೊಳ್ಳುವವರೆಗೆ ಇದು ತಪ್ಪುವಂತಿರಲಿಲ್ಲ. ಅಮ್ಮ ಕೇಳುತ್ತಿದ್ದಳು, "ಈ ತಿಂಗಳು ಯಾರ್ಯಾರು ಏನೇನು ಬಿಡ್ತೀರಿ?" ಇನ್ನೊಬ್ಬರಿಗೆ ಇದನ್ನು ಬಿಡು ಅನ್ನುವ ಹಾಗಿಲ್ಲ, ತಮ್ಮದನ್ನು ತಾವೇ ಹೇಳಬೇಕು. ತಮ್ಮ ಬಸ್ಸು ಬಿಟ್ಟು ಶಾಲೆಗೆ ನಡೆದ. ಅಮ್ಮ ಟೀಗೆ ಸಕ್ಕರೆ ಬಿಟ್ಟಳು, ಆಮೇಲೆ ಟೀಯನ್ನೇ ಬಿಟ್ಟಳು. ಅಪ್ಪ ಮೊದಲು ಸಿಗರೇಟು ಬಿಟ್ಟರು, ಆಮೇಲೆ ತಿಂಗಳಿಗೊಂದು ಸಿನಿಮಾ, ಆಮೇಲೆ ಪೇಪರ್ ತರಿಸುವುದು. ಪೇಸ್ಟಿನ ಟ್ಯೂಬನ್ನು ಕತ್ತರಿಯಿಂದ ಸೀಳಿ ಬೆರಳು ಹಾಕಿ ಬಳಿಯುತ್ತಿದ್ದರು. ಸವೆದ ಸೋಪನ್ನು ಹೊಸ ಸೋಪಿಗೆ ಅಂಟಿಸುತ್ತಿದ್ದರು. ಹಳೆಯ ಕ್ಯಾಲೆಂಡರಿನ ಹಾಳೆಯನ್ನು ನಾಲ್ಕು ಮಾಡಿ ಹಿಂಬದಿಯಲ್ಲಿ ಬರೆಯುತ್ತಿದ್ದರು. ಅದರಲ್ಲೂ ಅಂಚು ಬಿಟ್ಟು ಬರೆದರೆ ದುಂದು, ದೊಡ್ಡಕ್ಷರದಲ್ಲಿ ಬರೆದರೂ ದುಂದು. ಆ ಮನೆಯ ಮಕ್ಕಳ ಅಕ್ಷರ ಸಾಸಿವೆಕಾಳಿನಷ್ಟೇ ಇರುತ್ತಿತ್ತು. ನಗುತ್ತಲೂ ಇದ್ದರು ಅನ್ನಿ. "ಈ ತಿಂಗಳು ನಾನು ಸ್ನಾನ ಬಿಡ್ತೀನಿ," ಎಂದು ತಮ್ಮ ಹೇಳಿದಾಗ ಅಪ್ಪ ಬಿದ್ದು ಬಿದ್ದು ನಕ್ಕಿದ್ದರು.

ಅವಳಿಗೆ ಹದಿನೇಳು ತುಂಬಿದ ವರ್ಷ ಸೂರಿನ ಖರ್ಚು ಅಂದಾಜು ಮೀರಿತು. "ಈ ಸಲ ಸಣ್ಣಪುಟ್ಟದ್ದು ಬಿಟ್ಟರೆ ಸಾಲದು," ಎಂದು ಅಮ್ಮ ವಾರ ಮೊದಲೇ ಹೇಳಿದ್ದಳು. ಮನೆಯಲ್ಲಿ ಉಳಿದಿದ್ದ ದೊಡ್ಡ ಖರ್ಚು ಒಂದೇ, ನರ್ಸಿಂಗ್ ಕೋರ್ಸಿಗೆ ಅವಳು ಕಟ್ಟಬೇಕಿದ್ದ ಫೀಸು. ಅದನ್ನು ಬಿಡಲಾರೆ ಅನ್ನಲು ಅವಳಿಗೆ ನಾಲಿಗೆ ಏಳಲಿಲ್ಲ. ಒಂದು ಚೀಟಿ ಬರೆದು ಅಪ್ಪನ ಕೆಲಸದ ಚೀಲದಲ್ಲಿ ಇಟ್ಟಳು. "ಅಪ್ಪ, ಬೇರೆ ಏನು ಬೇಕಾದರೂ ಬಿಡ್ತೀನಿ, ಕೋರ್ಸೊಂದು ಬೇಡ. ನನ್ನ ಬಾಯಲ್ಲಿ ಹೇಳೋಕಾಗಲ್ಲ. ಭಾನುವಾರ ನೀನು ಹೇಳು."

ಭಾನುವಾರ ಬಂತು. ಅಪ್ಪ ಏನೂ ಹೇಳಲಿಲ್ಲ. ಅವಳ ಸರದಿ ಬಂದಾಗ ಅಪ್ಪನನ್ನೇ ನೋಡಿದಳು. ಅವರು ಕನ್ನಡಕವನ್ನು ಅಂಗಿಯ ತುದಿಯಿಂದ ಒರೆಸುತ್ತಿದ್ದರು.

"ನನ್ನ ಕೋರ್ಸು," ಎಂದಳು.

ಅಮ್ಮ ಮಡಿಸುತ್ತಿದ್ದ ಬಟ್ಟೆ ಕೆಳಗಿಟ್ಟಳು. "ಒಂದು ವರ್ಷ ಅಷ್ಟೇ ಕಣೆ. ಮುಂದಿನ ವರ್ಷ ಸೇರ್ಕೋಬಹುದು."

"ನಿನಗೆ ಒಪ್ಪಿಗೇನಾ ಮಗಳೇ?" ಎಂದು ಅಪ್ಪ ಕೇಳಿದರು.

ಚೀಟಿ ಓದಿಯೂ ಹೀಗೆ ಕೇಳುತ್ತಾರಲ್ಲ ಎಂದು ಅವಳಿಗೆ ಉರಿದುಹೋಯಿತು. "ಒಪ್ಪಿಗೆ," ಎಂದಳು.

ಮುಂದಿನ ವರ್ಷ ಬರಲೇ ಇಲ್ಲ. ಸೂರಾಯಿತು. ಅವಳು ಔಷಧಿ ಅಂಗಡಿಯ ಕೌಂಟರಿಗೆ ಸೇರಿ ಇಪ್ಪತ್ತಾರು ವರ್ಷವಾಯಿತು, ಮದುವೆಯೂ ಆಗಲಿಲ್ಲ. ನರ್ಸುಗಳು ಬಂದು ಚೀಟಿ ಕೊಟ್ಟಾಗ ಔಷಧಿ ತೆಗೆದುಕೊಡುತ್ತಾಳೆ. ಈಚೆಗೆ ಮಾತ್ರೆಯ ಪಟ್ಟಿಯನ್ನು ದೂರ ಹಿಡಿದು ಓದುತ್ತಾಳೆ ಎಂದು ಅಂಗಡಿಯವರು ಗೊಣಗುತ್ತಿದ್ದರು.

ಅಪ್ಪ ರಿಟೈರಾದ ಮೇಲೆ ಒಂದು ಹೊಸ ಅಭ್ಯಾಸ ಶುರುವಾಗಿತ್ತು. ಅವಳು ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಪೇಪರ್ ಕೆಳಗಿಳಿಸಿ ಕೇಳುವರು: "ಏನಾದ್ರೂ ಹೇಳೋದಿದ್ಯಾ ಮಗಳೇ? ಇದ್ರೆ ಬಾಯಲ್ಲೇ ಹೇಳಿಬಿಡು."

"ಏನಿಲ್ಲ," ಎನ್ನುವಳು. ಹದಿಮೂರು ವರ್ಷ ಅದೇ ಪ್ರಶ್ನೆ, ಅದೇ ಉತ್ತರ. ನಿನ್ನೆ ಸಂಜೆಯೂ ಕೇಳಿದ್ದರು.

*

ಮಧ್ಯಾಹ್ನ ಜನ ಹೆಚ್ಚಾಯಿತು. ಮೂವತ್ತೈದು ವರ್ಷ ಊರಿನ ಅರ್ಧ ಬೀದಿಗಳಿಗೆ ನೀರು ಬಿಟ್ಟವರು ಅಪ್ಪ. ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿ ಹೆಗಲ ಮೇಲಿಟ್ಟುಕೊಂಡು ನಸುಕಿಗೇ ಹೊರಡುತ್ತಿದ್ದರು.

"ಎಷ್ಟು ಸುತ್ತು ತಿರುಗಿಸಬೇಕು ಅಂತ ಕೈಗೇ ಗೊತ್ತಿತ್ತು ಅವರಿಗೆ," ಎಂದರು ಜೊತೆಗೆ ಕೆಲಸ ಮಾಡಿದವರೊಬ್ಬರು. "ಯಾರಾದ್ರೂ ದೂರು ಬರೆದು ಕೊಟ್ಟರೆ, ಬರೆದಿದ್ದು ಬೇಡ ಸ್ವಾಮಿ, ಬಾಯಲ್ಲಿ ಹೇಳಿ, ಅನ್ನೋರು."

"ಊರಿಗೆಲ್ಲ ನೀರು ಬಿಟ್ಟು ಮನೇಲಿ ನಲ್ಲಿ ತೊಟ್ಟಿಕ್ಕಿದ್ರೆ ಪಾತ್ರೆ ಇಡೋರು," ಎಂದಳು ಎದುರುಮನೆಯಾಕೆ. ಒಂದಿಬ್ಬರು ನಕ್ಕರು, ಮತ್ತೆ ನಗು ನುಂಗಿಕೊಂಡರು.

ಕನ್ನಡಕದಂಗಡಿಯವರು ಕೋಲೂರಿಕೊಂಡು ಬಂದಾಗ ಮೂರು ಗಂಟೆ. ಅಪ್ಪನ ವಾರಗೆಯವರು. ಮಂಚದ ಬಳಿ ಸ್ವಲ್ಪ ಹೊತ್ತು ನಿಂತರು. ಅಮ್ಮ ತಲೆಯೆತ್ತಿ, "ನೀವು ಮಾಡಿಕೊಟ್ಟಿದ್ದು ಇನ್ನೂ ಗಟ್ಟಿಯಾಗಿದೆ ನೋಡಿ. ಒಂದೇ ನಂಬರು, ಒಂದೇ ಕನ್ನಡಕ. ಈಗ ನಾನೊಬ್ಬಳೇ ಉಳಿದೆ," ಎಂದಳು.

ಅವರು ತಲೆಯಾಡಿಸಿದರು. ಹೊರಗೆ ಬಂದು ಮಗಳನ್ನು ನೀರಿನ ತೊಟ್ಟಿಯ ಪಕ್ಕಕ್ಕೆ ಕರೆದರು. ಜೇಬಿನಿಂದ ಒಂದು ಚಿಕ್ಕ ಕವರು ತೆಗೆದರು.

"ಇದು ನಿಂದು ಕಣಮ್ಮ. ನಿಮ್ಮಪ್ಪ ನನ್ನ ಹತ್ರ ಇಟ್ಟಿದ್ದ. ಮನೇಲಿಟ್ಟರೆ ನಿಮ್ಮಮ್ಮನ ಕೈಗೆ ಸಿಗುತ್ತೆ, ನಿಮ್ಮನೇಲಿ ಒಂದು ಚೂರು ಕಾಗದಾನೂ ಆಚೆ ಹೋಗಲ್ವಲ್ಲ, ಅಂತ."

ಕವರಿನೊಳಗೆ ಕ್ಯಾಲೆಂಡರ್ ಹಾಳೆಯ ಕಾಲುಭಾಗ, ನಾಲ್ಕು ಮಡಿಕೆ. ಬಿಚ್ಚದೆಯೇ ಅವಳಿಗೆ ಗೊತ್ತಾಯಿತು. "ಇದು ನಿಮ್ಮ ಹತ್ರ ಯಾಕೆ ಬಂತು?"

"ರಿಟೈರಾದ ದಿನ ಚೀಲ ಖಾಲಿ ಮಾಡ್ತಾ ಸಿಕ್ತಂತೆ. ನೇರ ನನ್ನ ಅಂಗಡಿಗೆ ಬಂದ. ಕಣ್ಣು ಪರೀಕ್ಷೆ ಮಾಡೋ ಗಾಜು ಹಾಕಿ ಕೂರಿಸಿದೆ. ಅಲ್ಲೇ ಓದಿದ."

"ಅಲ್ಲಿವರೆಗೆ?"

"ಅಲ್ಲಿವರೆಗೆ ಓದಿರಲಿಲ್ಲ. ಓದೋಕೆ ಹೇಗಾಗುತ್ತೆ?" ಮುದುಕರು ಕೋಲಿನ ಮೇಲೆ ಎರಡೂ ಕೈ ಇಟ್ಟುಕೊಂಡರು. "ಅವರಿಬ್ಬರದು ಒಂದೇ ನಂಬರಲ್ಲ ಕಣಮ್ಮ. ನಿಮ್ಮಮ್ಮಂದು ಹುಟ್ಟಿನಿಂದಲೇ ಬೇರೆ ಥರದ ಕಣ್ಣು. ಅವರಿಗೆ ಅಂತಲೇ ತೇಯ್ದ ಗಾಜು ಅದು, ಬೇರೆ ಯಾರು ಹಾಕ್ಕೊಂಡ್ರೂ ಅಕ್ಷರ ಕಲೆಸಿಹೋಗುತ್ತೆ. ಅವನಿಗೆ ಬೇರೆಯದೇ ಬೇಕಿತ್ತು. ಮೊದಲನೇ ದಿನವೇ ಹೇಳಿದ್ದೆ."

"ಮತ್ತೆ ಅಪ್ಪ?"

"ಎರಡು ಕನ್ನಡಕ ಬೇಕು ಅಂದ್ರೆ ಭಾನುವಾರ ಕೂತಾಗ ನನ್ನ ಹೆಂಡ್ತಿ ತನ್ನದನ್ನೇ ಬಿಟ್ಟುಬಿಡ್ತಾಳೆ, ಅವಳಿಗೆ ಹೊಲಿಗೆ ಇದೆ, ಒಂದೇ ನಂಬರು ಅಂತ ಹೇಳ್ಬಿಡು ಅಂದ. ಹೇಳಿದೆ. ನನ್ನದೂ ತಪ್ಪೇ."

ಅವಳಿಗೆ ಒಂದೊಂದೇ ನೆನಪಾಯಿತು: ಅಪ್ಪ ಸಂಜೆಯೆಲ್ಲ ಕಿಟಕಿಯಲ್ಲಿ ಕೂತು ಪುಟ ತಿರುಗಿಸುತ್ತಿದ್ದುದು, ಕೊನೆಗೆ "ಏನಿದೆ ವಿಶೇಷ, ನೀನೊಂದು ಸಲ ಓದು," ಎಂದು ಅಮ್ಮನ ಕೈಗೆ ಕೊಡುತ್ತಿದ್ದುದು, ಅಮ್ಮ "ಒಂದು ಗಂಟೆ ಏನ್ ಓದಿದ್ರಿ ಹಾಗಾದ್ರೆ?" ಎಂದು ರೇಗಿಸುತ್ತಿದ್ದುದು.

"ಚೀಟಿ ನೋಡಿ ಏನಂದ್ಕೊಂಡಿದ್ರಂತೆ?"

"ಮನೆ ಸಾಮಾನಿನ ಪಟ್ಟಿ ಅಂದ್ಕೊಂಡನಂತೆ. ಏನಾದ್ರೂ ತರಬೇಕಿತ್ತಾ ಅಂತ ನಿಮ್ಮಮ್ಮನ್ನ ಕೇಳಿದ್ದಾನೆ, ಏನೂ ಬೇಡ ಅಂದಿದ್ದಾರೆ. ಚೀಲದಲ್ಲೇ ಇಟ್ಟು ಮರೆತಿದ್ದಾನೆ." ಅವರು ಕೋಲನ್ನು ತೊಟ್ಟಿಗೆ ಒರಗಿಸಿದರು. "ಓದಿದ ಮೇಲೆ ಬಹಳ ಹೊತ್ತು ಸ್ಟೂಲ್ ಮೇಲೇ ಕೂತಿದ್ದ. ದುಡ್ಡು ಬೇಡ, ನಿನಗೊಂದು ಮಾಡಿಕೊಡ್ತೀನಿ ಕಣೋ ಅಂದೆ. ಓದಬೇಕಾಗಿದ್ದು ಇದೊಂದೇ ಇತ್ತು, ಓದಿ ಆಯ್ತು, ಅಂದ. ಮಗಳಿಗೆ ಹೇಳ್ತೀನಿ, ಹೇಳ್ತೀನಿ ಅಂತಿದ್ದ. ಹೇಳಿದ್ನಾ?"

"ಇಲ್ಲ," ಎಂದಳು. "ನೀನೇ ಹೇಳು ಅಂತ ದಿನಾ ನನ್ನನ್ನ ಕೇಳ್ತಿದ್ರು."

ಆಗ ಅಳು ಬಂತು. ಇಪ್ಪತ್ತೇಳು ವರ್ಷದ್ದೆಲ್ಲ ಒಟ್ಟಿಗೇ ಬಂದಂತೆ ಬಂತು. ತೊಟ್ಟಿಯ ಕಟ್ಟೆಯ ಮೇಲೆ ಹಣೆಯಿಟ್ಟು ಅತ್ತಳು. ಮುದುಕರು ಅವಳ ಬೆನ್ನ ಮೇಲೆ ಕೈಯಿಟ್ಟು ನಿಂತರು. ಒಳಗಿದ್ದವರು, ಈಗ ಅತ್ತಳಲ್ಲ, ಒಳ್ಳೇದಾಯ್ತು ಎಂದುಕೊಂಡರು.

*

ನಾಲ್ಕಕ್ಕೆ ವ್ಯಾನು ಬಂತು. ಎತ್ತುವ ಮೊದಲು ತಮ್ಮ ಮತ್ತೆ ಕೇಳಿದ, "ಅಮ್ಮ, ಕನ್ನಡಕ ಅಪ್ಪನ ಜೊತೆ ಹೋಗ್ಲಿ. ನಿನಗೆ ನಾನು ಹೊಸದು ಕೊಡಿಸ್ತೀನಿ. ಕಣ್ಣೂ ಇನ್ನೊಂದು ಸಲ ತೋರಿಸ್ಕೊಂಡು ಬರೋಣ."

"ಅವರ ಕಣ್ಣು ಇದರಲ್ಲಿದೆ ಕಣೋ," ಎಂದು ಅಮ್ಮ ಕನ್ನಡಕವನ್ನು ಎದೆಗೊತ್ತಿಕೊಂಡಳು. "ಇಬ್ಬರದೂ ಒಂದೇ. ಬೇಕಾದ್ರೆ ಕನ್ನಡಕದಂಗಡಿಯವರನ್ನೇ ಕೇಳು."

ಕನ್ನಡಕದಂಗಡಿಯವರು ಮಗಳ ಕಡೆ ನೋಡಿದರು. ಮಗಳು ಅಮ್ಮನ ಕಡೆ ನೋಡಿದಳು. ಅಮ್ಮನ ಮೂಗಿನ ಮೇಲೆ ಆ ಎರಡು ಕುಳಿ.

"ಹೌದು ಕಣೋ, ಒಂದೇ ನಂಬರು," ಎಂದಳು ತಮ್ಮನಿಗೆ. "ಅಮ್ಮನ ಹತ್ರಾನೇ ಇರಲಿ ಬಿಡು."

ಆಮೇಲೆ ಅಪ್ಪನ ಕಿವಿಯ ಹತ್ತಿರ ಬಗ್ಗಿದಳು. ಹೇಳಬೇಕಾದ್ದನ್ನು ಬಾಯಲ್ಲೇ ಹೇಳಿದಳು. ಏನು ಹೇಳಿದಳೆಂದು ಪಕ್ಕದಲ್ಲಿದ್ದ ತಮ್ಮನಿಗೂ ಕೇಳಿಸಲಿಲ್ಲ. ನಾಲ್ಕು ಜನ ಎತ್ತಿದರು.

*

ಎಲ್ಲ ಮುಗಿಸಿ ಮನೆಗೆ ಬಂದಾಗ ಬಿಸಿಲು ಇನ್ನೂ ಕಿಟಕಿಯಲ್ಲಿತ್ತು. ತಮ್ಮ ಬಾಡಿಗೆ ಕುರ್ಚಿಗಳನ್ನು ವಾಪಸು ಕೊಡಲು ಹೋಗಿದ್ದ. ಅವಳು ಅಪ್ಪನ ಕುರ್ಚಿಯಲ್ಲಿ ಕೂತು ಚೀಟಿ ಬಿಚ್ಚಿದಳು. ಮಸುಕಾದ ಶಾಯಿ, ಸಾಸಿವೆಯಂಥ ಅಕ್ಷರ. ತಾನೇ ಬರೆದದ್ದು. ಓದಲಾಗಲಿಲ್ಲ. ಸ್ವಲ್ಪ ದೂರ ಹಿಡಿದಳು, ಇನ್ನೂ ದೂರ ಹಿಡಿದಳು. ಕೈ ಪೂರ್ತಿ ಚಾಚಿದರೂ ಆಗಲಿಲ್ಲ.

"ಏನೇ ಅದು?" ಅಮ್ಮ ಒಳಗಿಂದ ಬಂದಳು.

"ಹಳೇ ಸಾಮಾನಿನ ಪಟ್ಟಿ ಅಮ್ಮ."

ಅಮ್ಮ ಅವಳ ಚಾಚಿದ ಕೈಯನ್ನು ನೋಡಿದಳು. "ನಿನಗೂ ಬಂತಾ? ವಯಸ್ಸಾಯ್ತಲ್ಲ, ಬರದೆ ಏನು." ಗೋಡೆ ಗಡಿಯಾರದತ್ತ ಕಣ್ಣು ಕಿರಿದು ಮಾಡಿ ನೋಡಿದಳು. ಐದು ದಾಟಿ ಬಹಳ ಹೊತ್ತಾಗಿತ್ತು. ಮೂಗಿನಿಂದ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮಗಳ ಕೈಗೆ ಕೊಟ್ಟಳು. "ತಗೋ. ಹೊಸದಕ್ಕೆ ದುಡ್ಡು ಸುರಿಯೋದೇನೂ ಬೇಡ. ಸಂಜೆ ಸರದಿ ಇನ್ಮೇಲೆ ನಿಂದು."

ಮಗಳು ಹಾಕಿಕೊಂಡಳು. ಕಿಟಕಿ ಓರೆಯಾಯಿತು, ಅಮ್ಮನ ಮುಖ ಎರಡಾಯಿತು. ಚೀಟಿಯ ಮೇಲಿನ ಅಕ್ಷರವೆಲ್ಲ ಸೇರಿ ಒಂದು ಮಸಿಕಲೆಯಾಯಿತು.

"ಕಾಣ್ತಾ?" ಎಂದು ಅಮ್ಮ ಕೇಳಿದಳು.

"ಕಾಣ್ತಿದೆ ಅಮ್ಮ."

ಅಮ್ಮ ಸಮಾಧಾನದಿಂದ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಮಗಳು ಚೀಟಿಯನ್ನು ಮುಖದ ಮುಂದೆ ಹಿಡಿದುಕೊಂಡಿದ್ದಳು. ಓದಲು ಬೇಕಾಗುವಷ್ಟು ಹೊತ್ತು ಬಿಟ್ಟು, ಪುಟ ತಿರುಗಿಸುವ ಹಾಗೆ ನಿಧಾನವಾಗಿ ಅದನ್ನು ಮಗುಚಿದಳು.