ಹೊಸೂರು ರಸ್ತೆ ದಾಟುವ ಕೈಗಳು

ದಾನೇಶ್ವರಿಯ ಬಡಾವಣೆಗೆ ಬಸ್ಸು ಬರುವುದಿಲ್ಲ. ಸೈಟು ಮಾರುವಾಗ ನಕ್ಷೆಯಲ್ಲಿ ಬಸ್‌ಸ್ಟಾಪು ಇತ್ತು. ಮಾರಿದ ಮೇಲೆ ಆ ಜಾಗದಲ್ಲೂ ಮೂರಂತಸ್ತು ಎದ್ದಿತು. ಹಾಗಾಗಿ ಹೊಸೂರು ರಸ್ತೆಯವರೆಗೆ ಸೈಕಲ್ಲು, ಅಲ್ಲಿಂದ ಫ್ಯಾಕ್ಟರಿಗೆ ಬಸ್ಸು. ಸೈಕಲ್ಲಿಗೆಂದು ಬಳಿದ ಹಸಿರು ಪಟ್ಟೆ ಟ್ರಾನ್ಸ್‌ಫಾರ್ಮರಿಗೆ ಗುದ್ದಿ ನಿಂತಿದೆ. ಸೈಕಲ್ಲು ನಿಲ್ಲಿಸಲು ಮುನಿಯಣ್ಣನ ಟೀ ಅಂಗಡಿಯ ಹಿಂದಿನ ಕಂಬಿಬೇಲಿಯೇ ಗತಿ. ಬಸ್ಸು ನಿಲ್ಲುವುದೋ ರಸ್ತೆಯ ಆಚೆ ಬದಿ. ಪಾದಚಾರಿ ಸೇತುವೆಗೆ ಗುದ್ದಲಿ ಹಾಕಲು ಬಂದವರು ಹಾರ ಹಾಕಿಸಿಕೊಂಡು ಕಾರು ಹತ್ತಿ ಹೋದರು. ಆಮೇಲೆ ಎದ್ದದ್ದು ಎರಡು ಕಂಬ ಮಾತ್ರ.

ದಾಟುವವರು ತಮ್ಮದೇ ಒಂದು ಕ್ರಮ ಮಾಡಿಕೊಂಡಿದ್ದರು. ನಾಲ್ಕೈದು ಜನ ಸೇರುವ ತನಕ ಕಾಯುವುದು, ಕೈಕೈ ಹಿಡಿದು ಸಾಲಾಗಿ ಇಳಿಯುವುದು. ಒಬ್ಬಳಿಗೆ ನಿಲ್ಲದ ಲಾರಿ ಸಾಲಿಗೆ ಕೆಲವೊಮ್ಮೆ ನಿಲ್ಲುತ್ತದೆ. ಯಾರ ಕೈ ಎಂದು ಯಾರೂ ನೋಡುವುದಿಲ್ಲ.

ಆ ಬೆಳಿಗ್ಗೆ ದಟ್ಟ ಮಂಜು. ಸೈಕಲ್ಲಿನ ಚೈನು ಕಳಚಿ ದಾನೇಶ್ವರಿಗೆ ತಡವಾಗಿತ್ತು. ಸೂಪರ್‌ವೈಸರ್ ಶ್ರೀಧರ್ ಹಿಂದಿನ ದಿನವೇ, “ಇನ್ನೊಂದ್ಸಲ ಲೇಟಾದ್ರೆ ಗೇಟಿಂದಾನೇ ವಾಪಸ್ ಹೋಗ್ಬಿಡಿ ಮೇಡಂ, ನಿಮ್ ಜಾಗಕ್ಕೆ ಜನ ರೆಡಿ ಇದಾರೆ” ಎಂದಿದ್ದ.

“ಎಲ್ಲಾ ದಾಟ್ಬುಟ್ರು ಕಣವ್ವ. ಯಾರಾನ ಬರೋಗಂಟ ಟೀ ಕುಡಿ,” ಎಂದ ಮುನಿಯಣ್ಣ.

“ಟೀ ಕುಡ್ಕೋತ ಕುಂತ್ರ ಕೆಲಸ ನೀ ಕೊಡ್ತಿಯೇನಪಾ?”

“ಕೊಡ್ತೀನಿ. ಲೋಟ ತೊಳಿ.”

ನಗುತ್ತಲೇ ಅವಳು ರಸ್ತೆಯಂಚಿಗೆ ಬಂದಳು. ಮಂಜಿನಲ್ಲಿ ಮೂವರು ಹೆಂಗಸರು ಕೈ ಹಿಡಿದು ನಿಂತಿದ್ದರು. ಕೊನೆಯವಳು ಕೈ ಚಾಚಿದಳು. ಅಂಗೈ ಸೈಕಲ್ಲಿನ ಹ್ಯಾಂಡಲಿನಷ್ಟೇ ತಣ್ಣಗಿತ್ತು.

“ಯಾವೂರು ತಂಗಿ?”

“ಕುಷ್ಟಗಿ ಕಡೆ. ನೀವು?”

“ಯಲಬುರ್ಗಿ. ಬಸಕ್ಕ ಅಂತಾರ.”

ಮಾತಿನಲ್ಲೇ ಅರ್ಧ ರಸ್ತೆ ದಾಟಿ ಡಿವೈಡರ್ ತಲುಪಿದರು. ಆಚೆ ಬಸ್ಸು ಬಂದು ನಿಂತಿತು. ಮೂವರೂ ಮಾತ್ರ ಅಲುಗಲಿಲ್ಲ.

“ನಡೀರಿ, ಬಸ್ ಹೊಂಟೀತು.”

“ನಾವು ಇಲ್ಲಿತನಾನ ಬರೋದು ತಂಗಿ. ಇದರಾಚೆ ನಮಗ ಆಗಲಿಲ್ಲ.”

ದಾನೇಶ್ವರಿಗೆ ನೆನಪಾಯಿತು. ತುಕ್ಕು ಹಿಡಿದ ಮೂರು ಲೇಡೀಸ್ ಸೈಕಲ್ಲುಗಳು ಮುನಿಯಣ್ಣನ ಬೇಲಿಗೆ ಒರಗಿವೆ. ಒಂದರ ಚೈನ್‌ಕವರಿನ ಮೇಲೆ ಬಸಕ್ಕ ಎಂದು ಬಣ್ಣದಲ್ಲಿ ಬರೆದಿದೆ. ಹೋದ ಮಳೆಗಾಲ ಈ ರಸ್ತೆಯಲ್ಲೇ ಇನ್ನಿಬ್ಬರ ಜೊತೆ ಸತ್ತವಳು. ಆ ಸೈಕಲ್ಲುಗಳನ್ನು ಗುಜರಿಗೆ ಹಾಕಲು ಮುನಿಯಣ್ಣನಿಗೆ ಮನಸ್ಸು ಬಂದಿಲ್ಲ.

“ಹೋಗವ್ವ, ಕೆಲಸ ಹೋದೀತು,” ಎಂದು ಬಸಕ್ಕನೇ ಬೆರಳು ಸಡಿಲಿಸಿದಳು. “ಗೊತ್ತಾದ ಮ್ಯಾಲ ಎಲ್ಲಾರೂ ಬಿಡ್ತಾರ.”

ಆ ಮಾತು ಭಯಕ್ಕಿಂತ ಆಳಕ್ಕೆ ಇಳಿಯಿತು. ಸತ್ತ ಮೇಲೂ ಇವರು ಶಿಫ್ಟಿಗೆ ಹೊರಟು ನಿಂತಿದ್ದಾರೆ, ಸತ್ತ ಮೇಲೂ ಇವರಿಗೆ ದಾಟಲು ಜಾಗವಿಲ್ಲ. ದಾನೇಶ್ವರಿ ಸಡಿಲಿದ ಬೆರಳುಗಳನ್ನು ಬಿಗಿಯಾಗಿ ಹಿಡಿದಳು. ಇನ್ನೊಂದು ಕೈ ಎತ್ತಿ ರಸ್ತೆಗೆ ಇಳಿದಳು.

ಲಾರಿಯೊಂದು ಕಿರುಚಿ ನಿಂತಿತು. ಬೈಯಲು ತಲೆ ಹೊರಹಾಕಿದ ಡ್ರೈವರು ಅವಳ ಹಿಂದೆ ನೋಡಿ ಬಾಯಿ ಮುಚ್ಚಿದ. ಎಂಜಿನ್ ಆರಿಸಿದ. ಅದರ ಹಿಂದಿನವೂ ಒಂದೊಂದಾಗಿ ಆರಿದವು. ಹೊಸೂರು ರಸ್ತೆ ಅಷ್ಟು ಮೌನವಾದದ್ದನ್ನು ಯಾರೂ ಕೇಳಿರಲಿಲ್ಲ.

ಅವಳು ಆಚೆ ದಡ ಹತ್ತಿದಳು. ಬಸಕ್ಕ ಹತ್ತಿದಳು. ಎರಡನೆಯವಳು, ಮೂರನೆಯವಳು.

“ಬೇಗ ಹತ್ತಕ್ಕ, ನಿನ್ನೊಬ್ಳಿಗೇ ಎಷ್ಟೊತ್ತು ಕಾಯ್ಲಿ?” ಎಂದ ಕಂಡಕ್ಟರ್. ದಾನೇಶ್ವರಿ ಬಸ್ಸು ಹತ್ತಿದಳು, ಕೈ ಹಿಡಿದೇ ಮೂವರೂ ಹತ್ತಿದರು.

ಮೂರನೆಯವಳ ಇನ್ನೊಂದು ಕೈ ಇನ್ನೂ ಹಿಂದಕ್ಕೆ ಚಾಚಿಕೊಂಡೇ ಇತ್ತು. ಅದನ್ನು ಹಿಡಿದು ಊಟದ ಡಬ್ಬಿಯ ಗಂಡಸೊಬ್ಬ ಡಿವೈಡರಿನ ಕಡೆಯ ಮಂಜಿನಿಂದ ಬಂದ. ಅವನ ಕೈ ಹಿಡಿದು ಇನ್ನೊಬ್ಬ. ಅವನ ಹಿಂದೆ ಮತ್ತೂ ಯಾರೋ.

ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟಿತು. ದಾನೇಶ್ವರಿ ಬಸಕ್ಕನ ಕೈ ಬಿಡದೆ, ಬರುವವರಿಗೆ ಜಾಗವಾಗಲೆಂದು ಬಸ್ಸಿನೊಳಗೆ ಹಿಂದಕ್ಕೆ ಸರಿಯುತ್ತಾ ಹೋದಳು.